ಹೊಸ ಜೀನೋಟೈಪ್ ಎನ್ನುವ ಮೊದಲು: ಮೆಣಸಿನ ಬಳ್ಳಿ, ಶುಂಠಿಯ ದುಂಡಾಣು, ಮಲೆನಾಡಿನ ವೈರಸ್‌ಗಳಿಗೆ ಒಂದು ಕೆಲಸದ ಕ್ರಮ

ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಒಂದೇ ಒಂದು ಮೆಣಸಿನ ಬಳ್ಳಿ ಪಕ್ಕದವಕ್ಕಿಂತ ಉದ್ದ ತೆನೆ ಬಿಡುತ್ತದೆ. ಅರಕಲಗೂಡಿನ ಶುಂಠಿ ಹೊಲದಲ್ಲಿ ಹೋದ ವರ್ಷಕ್ಕಿಂತ ಬೇಗ ಬಾಡು ಹಬ್ಬುತ್ತದೆ. ಸಕಲೇಶಪುರದ ಏಲಕ್ಕಿ ಎಲೆಯ ಮೇಲೆ ಈವರೆಗೆ ಕಾಣದ ಹಳದಿ ಗೆರೆ ಮೂಡುತ್ತದೆ. ಮೂರೂ ಕಡೆ ಎದ್ದೇಳುವ ಪ್ರಶ್ನೆ ಒಂದೇ: ಇದು ಹೊಸದೇ? ಪ್ರಯೋಗಾಲಯಕ್ಕೆ ಎಲೆ ಕಳಿಸಿದರೆ ಉತ್ತರ ಸಿಗುತ್ತದೆ ಎಂಬುದು ಅರ್ಧ ಸತ್ಯ. ಈಗಾಗಲೇ ಗೊತ್ತಿರುವ ಯಾವುದರ ಜೊತೆ ಹೋಲಿಸಿದ್ದೇವೆ, ಎಷ್ಟು ವ್ಯತ್ಯಾಸವಿದ್ದರೆ ಹೊಸದೆಂದು ಒಪ್ಪುತ್ತೇವೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಯಾವ ಸೀಕ್ವೆನ್ಸೂ (ಡಿಎನ್‌ಎ ಅಕ್ಷರಗಳ ಸಾಲು) ಉತ್ತರ ಕೊಡುವುದಿಲ್ಲ.

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೆಳೆಗಳನ್ನು ಮುಂದಿಟ್ಟುಕೊಂಡು, ಕೃಷಿ ಮತ್ತು ತೋಟಗಾರಿಕೆ ವಿದ್ಯಾರ್ಥಿಗಳಿಗೆ, ಜೀವತಂತ್ರಜ್ಞಾನ ಪ್ರಯೋಗಾಲಯದಲ್ಲಿ ಹೊಸದಾಗಿ ಕೆಲಸ ಶುರು ಮಾಡಿದವರಿಗೆ ಮತ್ತು ತಮ್ಮ ತೋಟದ ವಿಶೇಷ ಬಳ್ಳಿಯನ್ನು ಗುರುತಿಸಿಕೊಳ್ಳಬೇಕೆಂದಿರುವ ಬೆಳೆಗಾರರಿಗೆ ಈ ಕ್ರಮವನ್ನು ಬರೆದಿದೆ. ತೋಟದಲ್ಲಿ ಮಾಡಬೇಕಾದ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಯಂತ್ರದ ತಪ್ಪನ್ನು ಆಮೇಲೂ ಸರಿಪಡಿಸಬಹುದು, ಸ್ಯಾಂಪಲ್ ತೆಗೆಯುವಾಗಿನ ತಪ್ಪನ್ನು ಸರಿಪಡಿಸಲಾಗದು.

ಪ್ರಶ್ನೆಯನ್ನು ಬಿಡಿಸಿಕೊಳ್ಳಿ

ಜೀನೋಟೈಪ್ ಎಂದರೆ ಒಂದು ಜೀವಿಯ ಆನುವಂಶಿಕ ರಚನೆ. ಕಣ್ಣಿಗೆ ಕಾಣುವ ಗುಣ ಬೇರೆ ಮಾತು. ಈ ಎರಡರ ನಂಟು ಎಷ್ಟು ಜಟಿಲ ಎಂಬುದಕ್ಕೆ ನಮ್ಮ ಕಾಫಿಯೇ ಸಾಕ್ಷಿ. 1911ರ ಸುಮಾರಿಗೆ ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್ ಎಲೆ ತುಕ್ಕು ತಡೆಯುವ ಒಂದು ಅರೇಬಿಕಾ ಗಿಡವನ್ನು ಆರಿಸಿಕೊಂಡರು. ಅದರ ಸಂತತಿ ಕೆಂಟ್ಸ್ ಎಂದೇ ಹೆಸರಾಯಿತು, ಬೇಗನೆ ಹಬ್ಬಿತು. ಕೆಲವೇ ವರ್ಷಗಳಲ್ಲಿ ಅದಕ್ಕೂ ತುಕ್ಕು ಬಂತು. ಗಿಡ ಬದಲಾಗಿರಲಿಲ್ಲ, ಅದೇ ಶಿಲೀಂಧ್ರದ ಬೇರೊಂದು ರೇಸ್ (ಪ್ರಭೇದದೊಳಗಿನ ಬಗೆ) ಬಂದಿತ್ತು. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಡಬ್ಲ್ಯೂ. ಡಬ್ಲ್ಯೂ. ಮೇನ್ ಅವರು ತುಕ್ಕು ಶಿಲೀಂಧ್ರದಲ್ಲಿ ಬೇರೆ ಬೇರೆ ರೇಸ್‌ಗಳಿವೆ ಎಂದು ತೋರಿಸಿದರು. ಡಿಎನ್‌ಎ ಓದುವ ಕಾಲ ಅದಾಗಿರಲಿಲ್ಲ. ತಡೆಗುಣ ಗೊತ್ತಿರುವ ಗಿಡಗಳ ಒಂದು ಗುಂಪಿಟ್ಟುಕೊಂಡು, ಪ್ರತಿಯೊಂದಕ್ಕೂ ರೋಗ ಸೋಂಕಿಸಿ, ಯಾವುದು ಬಿತ್ತು ಯಾವುದು ನಿಂತಿತು ಎಂದು ನೋಡುವುದೇ ಆ ಕಾಲದ ವಿಧಾನ. ತಂತ್ರ ಹಳೆಯದಾದರೂ ಅದರ ತರ್ಕ ಇಂದಿಗೂ ಬದಲಾಗಿಲ್ಲ: ಗೊತ್ತಿರುವ ಗುಂಪಿನ ಪಕ್ಕದಲ್ಲಿ ಗೊತ್ತಿಲ್ಲದ್ದನ್ನು ಇಡಬೇಕು.

ಆದ್ದರಿಂದ ಮೊದಲ ಹೆಜ್ಜೆ ಕಾಗದದ ಮೇಲೆ. ಪ್ರಭೇದವೇ (ಸ್ಪೀಶೀಸ್) ಹೊಸದೆಂಬ ಅನುಮಾನವೋ, ಗೊತ್ತಿರುವ ಪ್ರಭೇದದೊಳಗಿನ ಹೊಸ ಬಗೆ (ಸ್ಟ್ರೇನ್) ಎಂಬ ಅನುಮಾನವೋ, ಅಥವಾ ಜಗತ್ತಿಗೆ ಗೊತ್ತಿದ್ದು ನಮ್ಮ ಜಿಲ್ಲೆಗೆ ಮಾತ್ರ ಹೊಸದಾಗಿ ಬಂದದ್ದೋ? ಮೂರನೆಯದೇ ಎಲ್ಲಕ್ಕಿಂತ ಸಾಮಾನ್ಯ. ಬೆಳೆಗಾರನ ಕೈಗೆ ಅದರ ಬಿಸಿ ಬೇಗ ತಾಗುವುದೂ ಹೌದು. ದಕ್ಷಿಣ ಭಾರತದ ಆಲೂಗಡ್ಡೆ, ಟೊಮ್ಯಾಟೊ ಬೆಳೆಗಳಲ್ಲಿ ಅಂಗಮಾರಿ ರೋಗಾಣುವಿನ 13_ಎ2 ಎಂಬ ಜೀನೋಟೈಪ್ ಕಾಣಿಸಿಕೊಂಡಾಗ ಅದು ಯುರೋಪಿನಲ್ಲಿ ಆಗಲೇ ಹೆಸರು ಪಡೆದಿತ್ತು. ಆದರೆ ಅದು ಮೆಟಲಾಕ್ಸಿಲ್ ಎಂಬ ರೋಗನಾಶಕಕ್ಕೆ ಬಗ್ಗದ ಜೀನೋಟೈಪ್. ಯಾವ ಔಷಧಿ ಹೊಡೆಯಬೇಕು ಎಂಬ ಲೆಕ್ಕವೇ ಅದರಿಂದ ಬದಲಾಯಿತು. ಬಿತ್ತನೆ ಆಲೂಗಡ್ಡೆಯನ್ನು ಪಂಜಾಬಿನ ಜಲಂಧರ್ ಕಡೆಯಿಂದ ತರಿಸಿಕೊಳ್ಳುವ ಹಾಸನದಂಥ ಜಿಲ್ಲೆಯಲ್ಲಿ "ಎಲ್ಲಿಂದ ಬಂತು" ಎಂಬ ಪ್ರಶ್ನೆಯನ್ನು ಸ್ಯಾಂಪಲ್ ಪಟ್ಟಿಯಲ್ಲೇ ಸೇರಿಸಿಕೊಳ್ಳಬೇಕು.

ಸ್ಯಾಂಪಲ್: ಬುಡದಿಂದ ಶುರು

ಮೆಣಸಿನ ಬಳ್ಳಿಯಲ್ಲಿ ಮೊದಲ ಬಲೆ ಆಸರೆ ಮರದ ಬುಡದಲ್ಲೇ ಇರುತ್ತದೆ. ಒಂದು ಸಿಲ್ವರ್ ಓಕ್‌ಗೋ ಹಾಲವಾಣಕ್ಕೋ ಎರಡು ಮೂರು ಬೇರು ಬಂದ ಕಡ್ಡಿ ನೆಡುವುದು ರೂಢಿ. ಹತ್ತು ವರ್ಷದ ಮೇಲೆ ಅವು ಹೆಣೆದುಕೊಂಡು ಒಂದೇ ಬಳ್ಳಿಯಂತೆ ಕಾಣುತ್ತವೆ. ಎಲೆಯನ್ನು ಒಂದರಿಂದ, ತೆನೆಯನ್ನು ಇನ್ನೊಂದರಿಂದ ಕಿತ್ತರೆ ಗುಣ ಒಂದರದ್ದು, ಡಿಎನ್‌ಎ ಇನ್ನೊಂದರದ್ದು. ತೆನೆ ಇರುವ ರೆಂಬೆಯಿಂದ ಕೈಯಾಡಿಸುತ್ತಾ ಕಾಂಡ ಹಿಡಿದು ನೆಲದವರೆಗೆ ಬನ್ನಿ. ಆ ಬುಡಕ್ಕೆ ಬಣ್ಣದ ಪಟ್ಟಿ ಕಟ್ಟಿ. ಮುಂದಿನ ಎಲ್ಲ ಸ್ಯಾಂಪಲ್ ಆ ಬುಡದ್ದೇ ಆಗಿರಲಿ.

ಎರಡನೆಯದು ಎಲೆಯ ಆಯ್ಕೆ. ಮರ ಹಿಡಿದು ಏರುವ ಕಾಂಡದ ಎಲೆ, ಕಾಯಿ ಬಿಡುವ ಅಡ್ಡ ರೆಂಬೆಯ ಎಲೆ, ನೆಲದ ಮೇಲೆ ಹಬ್ಬುವ ಬಳ್ಳಿಯ ಎಲೆ ಒಂದೇ ಗಿಡದಲ್ಲೂ ಆಕಾರದಲ್ಲಿ ಬೇರೆ ಬೇರೆ. ಅಳತೆಗೆ ಅಡ್ಡ ರೆಂಬೆಯ ಬಲಿತ ಎಲೆಗಳನ್ನೇ ಹೋಲಿಸಿ. ಡಿಎನ್‌ಎಗೆ ತುದಿಯ ಎಳೆಯ ಎಲೆ ತೆಗೆದುಕೊಳ್ಳಿ, ಅದರಲ್ಲಿ ಲೋಳೆಯೂ ಪಾಲಿಫೀನಾಲೂ ಕಡಿಮೆ. ನೆಲದಲ್ಲಿ ಹಬ್ಬುವ ಬಳ್ಳಿಯ ತುದಿಯ ಬಣ್ಣ ಹಸಿರೋ, ತಿಳಿ ನೇರಳೆಯೋ, ಗಾಢ ನೇರಳೆಯೋ ಎಂದು ಕಿತ್ತ ತಕ್ಷಣ ಬರೆದುಕೊಳ್ಳಿ. ಅದು ತಳಿ ವಿವರಣೆಯಲ್ಲಿ ಬೇಕಾಗುವ ಲಕ್ಷಣ, ಬಾಡಿದ ಮೇಲೆ ಗೊತ್ತಾಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡಿನ ತೇವದಲ್ಲಿ ಕಾಗದದ ಲಕೋಟೆಯೊಳಗಿನ ಎಲೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಅಂಥ ಎಲೆಯಿಂದ ಬರುವುದು ಬೂಷ್ಟಿನ ಡಿಎನ್‌ಎಯೂ ಹೌದು. ಬಣ್ಣ ಬದಲಿಸುವ ಸಿಲಿಕಾ ಜೆಲ್ ಬಳಸಿ: ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ, ಗಾಳಿಯಾಡದ ಜಿಪ್ ಚೀಲ, 24 ಗಂಟೆಯೊಳಗೆ ಎಲೆ ಮುರಿದರೆ ಚಟ್ ಎನ್ನಬೇಕು. ಹರಳಿನ ಬಣ್ಣ ಬದಲಾದರೆ ಆ ದಿನವೇ ಹೊಸದು ಹಾಕಿ. ಎಲೆಯನ್ನು ಮೊದಲು ಒರೆಸಿ, ದಪ್ಪ ನಡುನರ ಕತ್ತರಿಸಿ ತೆಗೆದರೆ ಬೇಗ ಒಣಗುತ್ತದೆ. ಚೀಟಿಗೆ ಪೆನ್ಸಿಲ್ ಬಳಸಿ, ಮಳೆಯಲ್ಲಿ ಪೆನ್ನಿನ ಶಾಯಿ ಉಳಿಯದು. ಚೀಟಿಯಲ್ಲಿ ಸ್ಯಾಂಪಲ್ ಸಂಖ್ಯೆ, ದಿನಾಂಕ, ಊರು, ಮೊಬೈಲಿನ ಜಿಪಿಎಸ್ ಅಂಕಿ ದಶಮಾಂಶದ ನಂತರ ಐದು ಸ್ಥಾನದವರೆಗೆ, ಎತ್ತರ, ಆಸರೆ ಮರ, ನೆಟ್ಟ ವರ್ಷ, ಕಡ್ಡಿ ತಂದ ನರ್ಸರಿ ಇರಲಿ. ಅನುಮಾನದ ಬಳ್ಳಿಯಷ್ಟೇ ಸಾಲದು. ಅದೇ ತೋಟದ ಸಾಮಾನ್ಯ ಬಳ್ಳಿಗಳಿಂದ ಐದಾರು, ಪಕ್ಕದ ತೋಟದಿಂದ ಐದಾರು ಸೇರಿಸಿ.

ವೈರಸ್ಸಿಗೆ ಬೇರೆ ಎಚ್ಚರ. ಕಾಳುಮೆಣಸಿನ ಕುಂಠಿತ ರೋಗದ ಲಕ್ಷಣ ಬಿಸಿಲ ದಿನಗಳಲ್ಲಿ ಎದ್ದು ಕಾಣುತ್ತದೆ, ಮಳೆಗಾಲದ ಹೊಸ ಚಿಗುರಿನಲ್ಲಿ ಮರೆಯಾಗಬಹುದು. ಹಾಗಾಗಿ ಲಕ್ಷಣವಿಲ್ಲದ ಬಳ್ಳಿಯನ್ನು ಆರೋಗ್ಯವಂತ ಎಂದು ಬರೆಯಬೇಡಿ, "ಲಕ್ಷಣ ಕಾಣಲಿಲ್ಲ" ಎಂದು ಬರೆಯಿರಿ. ಆರ್‌ಎನ್‌ಎ ವೈರಸ್ ಇರಬಹುದಾದ ಎಲೆಯನ್ನು ದ್ರವ ಸಾರಜನಕದಲ್ಲೋ ಆರ್‌ಎನ್‌ಎ ಕಾಪಾಡುವ ದ್ರಾವಣದಲ್ಲೋ ಹಾಕಿ, ಪ್ರಯೋಗಾಲಯ ಮುಟ್ಟಿದ ಮೇಲೆ ಮೈನಸ್ 80 ಡಿಗ್ರಿಯಲ್ಲಿಡಿ. ಪ್ರತಿ ಗಿಡಕ್ಕೂ ಕೈಗವಸು ಬದಲಿಸಿ, ಕತ್ತರಿಯನ್ನು ಶೇ 1ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಅದ್ದಿ ತೊಳೆಯಿರಿ.

ಶುಂಠಿಯಲ್ಲಿ ಬಾಡಿದ ಎಲ್ಲವೂ ದುಂಡಾಣು ಸೊರಗು ರೋಗವಲ್ಲ. ಪಿಥಿಯಂ ಕೊಳೆಯೂ ಎಲೆ ಹಳದಿ ಮಾಡುತ್ತದೆ. ಹುಸಿಕಾಂಡದ ಬುಡವನ್ನು ಅಡ್ಡ ಕತ್ತರಿಸಿ, ತಿಳಿ ನೀರಿನ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ತೂಗುಬಿಡಿ. ಕೆಲವೇ ನಿಮಿಷಗಳಲ್ಲಿ ಹಾಲಿನ ಎಳೆ ಕೆಳಗಿಳಿದರೆ ದುಂಡಾಣು. ಹೊಲದಿಂದ ಹೊರಬರುವ ಮೊದಲು ಚಪ್ಪಲಿ, ಗುದ್ದಲಿಗೆ ಅಂಟಿದ ಮಣ್ಣನ್ನು ಅಲ್ಲೇ ತೊಳೆದುಬಿಡಿ. ಈ ರೋಗ ಮಣ್ಣು, ನೀರು, ಬಿತ್ತನೆ ಗೆಡ್ಡೆ ಮೂರರಿಂದಲೂ ಹಬ್ಬುತ್ತದೆ. ಸ್ಯಾಂಪಲ್ ತೆಗೆದವರೇ ರೋಗವನ್ನು ಪಕ್ಕದ ಹೊಲಕ್ಕೆ ಹೊತ್ತೊಯ್ಯುವ ಅಪಾಯ ಸಣ್ಣದಲ್ಲ.

ಡಿಎನ್‌ಎ ತೆಗೆಯುವುದು, ಕೆಡುವುದು ಎಲ್ಲಿ

ಮೆಣಸು, ಕಾಫಿ, ಏಲಕ್ಕಿ ಮೂರಕ್ಕೂ ಸಿಟಿಎಬಿ ಎಂಬ ಮಾರ್ಜಕ ಬಳಸಿ ಡಿಎನ್‌ಎ ತೆಗೆಯುವ ವಿಧಾನ ಒಗ್ಗುತ್ತದೆ. ಒಣಗಿದ ಎಲೆ 20ರಿಂದ 30 ಮಿಲಿಗ್ರಾಂ, ಹಸಿ ಎಲೆಯಾದರೆ 100 ಮಿಲಿಗ್ರಾಂ ಪುಡಿ ಮಾಡಿ. ಬಫರ್‌ನಲ್ಲಿ ಶೇ 2 ಸಿಟಿಎಬಿ, 100 ಮಿಲಿಮೋಲಾರ್ ಟ್ರಿಸ್ ಪಿಎಚ್ 8, 20 ಮಿಲಿಮೋಲಾರ್ ಇಡಿಟಿಎ, 1.4 ಮೋಲಾರ್ ಉಪ್ಪು, ಶೇ 2 ಪಿವಿಪಿ (ಪಾಲಿಫೀನಾಲ್ ಹಿಡಿದಿಡುವ ವಸ್ತು) ಇರಲಿ. ಬೀಟಾ ಮರ್ಕ್ಯಾಪ್ಟೊಇಥನಾಲನ್ನು ಶೇ 1ರಂತೆ ಬಳಸುವ ಹೊತ್ತಿಗೇ, ಫ್ಯೂಮ್ ಹುಡ್‌ನಲ್ಲಿ ಸೇರಿಸಿ. 65 ಡಿಗ್ರಿಯಲ್ಲಿ 45 ನಿಮಿಷ ಇಟ್ಟು, ಕ್ಲೋರೊಫಾರ್ಮ್ ಮತ್ತು ಐಸೊಅಮೈಲ್ ಆಲ್ಕೊಹಾಲ್ 24:1 ಮಿಶ್ರಣದಿಂದ ಎರಡು ಬಾರಿ ಶುದ್ಧಿ ಮಾಡಿ. ಮೇಲಿನ ಪದರಕ್ಕೆ ಅದರ ಮೂರನೇ ಎರಡರಷ್ಟು ತಣ್ಣನೆ ಐಸೊಪ್ರೊಪನಾಲ್ ಹಾಕಿ ಡಿಎನ್‌ಎ ಇಳಿಸಿ, ಶೇ 70 ಇಥನಾಲಿನಲ್ಲಿ ತೊಳೆದು, ಆರ್‌ಎನ್‌ಏಸ್ ಸೇರಿಸಿದ ಟಿಇ ಬಫರ್‌ನಲ್ಲಿ ಕರಗಿಸಿ.

ತಳಕ್ಕಿಳಿದ ಡಿಎನ್‌ಎ ಉಂಡೆ ಕಂದು ಬಣ್ಣವಾದರೆ ಪಾಲಿಫೀನಾಲ್ ಆಕ್ಸಿಡೀಕರಣವಾಗಿದೆ: ಪಿವಿಪಿ ಹಳತಾಗಿರಬೇಕು, ಇಲ್ಲವೇ ಪುಡಿ ಮಾಡಿ ಬಫರ್ ಹಾಕುವುದರೊಳಗೆ ಹೆಪ್ಪುಗಟ್ಟಿಸಿದ ಎಲೆ ಕರಗಿರಬೇಕು. ಉಂಡೆ ಲೋಳೆಯಾಗಿ ಪಿಪೆಟ್ಟಿಗೆ ಅಂಟಿಕೊಂಡರೆ ಅದು ಪಾಲಿಸ್ಯಾಕರೈಡ್. ಮುಂದಿನ ಸಲ ಉಪ್ಪನ್ನು 2 ಮೋಲಾರ್‌ಗೆ ಏರಿಸಿ. ಡಿಎನ್‌ಎ ಶುದ್ಧತೆ ತೋರಿಸುವ ಬೆಳಕು ಹೀರಿಕೆಯ 260/280 ಅನುಪಾತ 1.8ರಿಂದ 2.0 ಇದ್ದರೂ 260/230 ಅನುಪಾತ 1.5ಕ್ಕಿಂತ ಕೆಳಗಿದ್ದರೆ ಪಿಸಿಆರ್ (ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸುವ ವಿಧಾನ) ಕೈ ಕೊಡುತ್ತದೆ. ಆಗ ಡಿಎನ್‌ಎ ಜಾಸ್ತಿ ಹಾಕುವುದು ತಪ್ಪು. ಹತ್ತು ಪಟ್ಟು ತೆಳು ಮಾಡಿ ನೋಡಿ, ಅಡ್ಡಿ ಮಾಡುವ ವಸ್ತುವೂ ತೆಳುವಾಗಿ ಬ್ಯಾಂಡ್ (ಜೆಲ್‌ನಲ್ಲಿ ಕಾಣುವ ಡಿಎನ್‌ಎ ಗೆರೆ) ಬರುವುದುಂಟು.

ಒಟ್ಟಿಗೆ ಸಾಗಿಸುವ ಪ್ರತಿ ಸ್ಯಾಂಪಲ್ ತಂಡದಲ್ಲೂ ಎಲೆಯೇ ಇಲ್ಲದ ಒಂದು ಖಾಲಿ ಟ್ಯೂಬನ್ನು ಶುರುವಿನಿಂದ ಕೊನೆಯವರೆಗೆ ಸಾಗಿಸಿ. ಅದರಲ್ಲಿ ಬ್ಯಾಂಡ್ ಕಂಡರೆ ಆ ದಿನದ ಇಡೀ ತಂಡವನ್ನು ಬಿಟ್ಟುಬಿಡಿ. ಕಷ್ಟವೆನಿಸಿದರೂ ಬೇರೆ ದಾರಿ ಇಲ್ಲ.

ಗಿಡ: ಹೊಸ ತಳಿಯೋ, ಹೆಸರು ಬದಲಾದ ಹಳೆ ತಳಿಯೋ

ಮೆಣಸು ಕಡ್ಡಿಯಿಂದ ಬೆಳೆಯುವ ಬೆಳೆ. ಹಾಗಾಗಿ "ನಮ್ಮ ತೋಟದ್ದೇ ತಳಿ" ಎನ್ನುವುದು ಬಹಳಷ್ಟು ಸಲ ಪನ್ನಿಯೂರು-1 ಅಥವಾ ಕರಿಮುಂಡ ಎಂದು ಗೊತ್ತಾಗುತ್ತದೆ. ಹೋಲಿಕೆಯ ಗುಂಪಿನಲ್ಲಿ ಇವೆರಡರ ಜೊತೆ ಮಲ್ಲಿಸರ, ಉದ್ದಗರ, ದೊಡ್ಡಿಗೆ, ತೇವಂ ಇರಲೇಬೇಕು. ಇವನ್ನು ನರ್ಸರಿಯ ಬೋರ್ಡು ನಂಬಿ ತರಬೇಡಿ. ಕೊಡಗಿನ ಅಪ್ಪಂಗಳದಲ್ಲಿರುವ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಂಥ ಕಡೆ, ದಾಖಲೆ ಸಮೇತ ಕಾಪಾಡಿದ ಸಂಗ್ರಹದಿಂದ ಕೇಳಿ ಪಡೆಯಿರಿ. ಹೋಲಿಕೆಗೆ ಇಟ್ಟದ್ದೇ ತಪ್ಪಾಗಿದ್ದರೆ ನಿಮ್ಮ ಹಳೆಯ ಬಳ್ಳಿ ಹೊಸದಾಗಿ ಕಾಣುತ್ತದೆ.

ಎಸ್‌ಎಸ್‌ಆರ್ (ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಸಣ್ಣ ತುಣುಕು) ಮಾರ್ಕರ್‌ಗಳಾದರೆ ಕನಿಷ್ಠ 12ರಿಂದ 15, ಬೇರೆ ಬೇರೆ ಜಾಗಗಳಲ್ಲಿ ಹರಡಿರುವಂಥವು ಬೇಕು. ಅಗರೋಸ್ ಜೆಲ್‌ನಲ್ಲಿ ಎರಡು ಬೇಸ್ (ಡಿಎನ್‌ಎ ಅಕ್ಷರ) ವ್ಯತ್ಯಾಸ ಕಾಣದು. ಬಣ್ಣ ಜೋಡಿಸಿದ ಪ್ರೈಮರ್ ಹಾಕಿ ಕ್ಯಾಪಿಲರಿ ಯಂತ್ರದಲ್ಲೇ ಓದಿಸಿ. ಟಾಕ್ ಎಂಜೈಮ್ ಕೆಲವು ತುಣುಕುಗಳ ತುದಿಗೆ ಒಂದು 'ಎ' ಸೇರಿಸಿ, ಕೆಲವಕ್ಕೆ ಬಿಟ್ಟು, ಒಂದೇ ಅಲೀಲನ್ನು (ಆ ಜಾಗದ ಡಿಎನ್‌ಎ ರೂಪ) ಎರಡಾಗಿ ತೋರಿಸುತ್ತದೆ. ಕೊನೆಯ ವಿಸ್ತರಣೆಯನ್ನು 60 ಡಿಗ್ರಿಯಲ್ಲಿ 30 ನಿಮಿಷ ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮೆಣಸಿನಲ್ಲಿ ಕ್ರೋಮೊಸೋಮ್ ಸಂಖ್ಯೆ 52, ಸಾಮಾನ್ಯವಾಗಿ ಅದನ್ನು ಚತುರ್ಗುಣಿತ (ಕ್ರೋಮೊಸೋಮಿನ ನಾಲ್ಕು ಸೆಟ್ ಇರುವಂಥದ್ದು) ಎಂದೇ ಪರಿಗಣಿಸುತ್ತಾರೆ. ಒಂದು ಜಾಗದಲ್ಲಿ ನಾಲ್ಕು ಅಲೀಲ್‌ಗಳವರೆಗೂ ಸಿಗಬಹುದು. ಯಾವ ಅಲೀಲ್ ಎಷ್ಟು ಪ್ರತಿ ಇದೆ ಎಂದು ಊಹಿಸಲು ಹೋಗದೆ ಇದೆ ಅಥವಾ ಇಲ್ಲ ಎಂದಷ್ಟೇ ಗುರುತು ಹಾಕಿ. ಅರೇಬಿಕಾ ಕಾಫಿಯೂ 44 ಕ್ರೋಮೊಸೋಮಿನ ಚತುರ್ಗುಣಿತ. ರೊಬಸ್ಟಾ ಮಾತ್ರ 22ರ ದ್ವಿಗುಣಿತ. ಅಲ್ಲಿ ಒಂದು ಜಾಗದಲ್ಲಿ ಮೂರನೇ ಅಲೀಲ್ ಕಂಡರೆ ಸ್ಯಾಂಪಲ್ ಬೆರೆತಿದೆಯೇ ಎಂದು ಮೊದಲು ಅನುಮಾನಿಸಿ.

ಎಷ್ಟು ವ್ಯತ್ಯಾಸವಿದ್ದರೆ ಬೇರೆ ಜೀನೋಟೈಪ್? ಪುಸ್ತಕದ ಅಂಕಿಗಿಂತ ನಿಮ್ಮದೇ ಅಳತೆಗೋಲು ಮಾಡಿಕೊಳ್ಳುವುದು ಮೇಲು. ಸ್ಯಾಂಪಲ್‌ಗಳ ಪೈಕಿ ಶೇ 10ರಷ್ಟನ್ನು ಡಿಎನ್‌ಎ ತೆಗೆಯುವ ಹಂತದಿಂದಲೇ ಇನ್ನೊಮ್ಮೆ, ಬೇರೆ ಸಂಖ್ಯೆ ಕೊಟ್ಟು ಓಡಿಸಿ. ಒಂದೇ ಬಳ್ಳಿಯ ಎರಡು ಎಲೆಗಳ ನಡುವೆ ನಿಮ್ಮ ಪ್ರಯೋಗಾಲಯದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೋ ಅದು ನಿಮ್ಮ ತಪ್ಪಿನ ಮಿತಿ. ಅನುಮಾನದ ಬಳ್ಳಿಗೂ ಅದರ ಹತ್ತಿರದ ತಳಿಗೂ ಇರುವ ಅಂತರ ಆ ಮಿತಿಗಿಂತ ಸ್ಪಷ್ಟವಾಗಿ ಹೆಚ್ಚಿರಬೇಕು. ಒಂದೇ ಮಾರ್ಕರ್‌ನಲ್ಲಿ ಒಂದು ಅಲೀಲ್ ವ್ಯತ್ಯಾಸವಿದ್ದರೆ ಅದು ಕಡ್ಡಿಯಿಂದ ಕಡ್ಡಿಗೆ ಸಾಗುವಾಗ ಆದ ಸಣ್ಣ ರೂಪಾಂತರವಿರಬಹುದು, ಓದುವಾಗಿನ ತಪ್ಪೂ ಇರಬಹುದು. ಹಲವು ಮಾರ್ಕರ್‌ಗಳಲ್ಲಿ ಬೇರೆಯಾಗಿದ್ದು, ಅದರ ಪ್ರತಿ ಅಲೀಲೂ ತೋಟದ ಎರಡು ತಳಿಗಳಲ್ಲಿ ಒಂದಲ್ಲ ಒಂದರಲ್ಲಿ ಸಿಕ್ಕರೆ ಅದು ಹಕ್ಕಿ ಬೀಳಿಸಿದ ಬೀಜದಿಂದ ಎದ್ದ ಗಿಡವಾಗಿರುವ ಸಾಧ್ಯತೆ ಹೆಚ್ಚು. ಅದು ನಿಜವಾದ ಹೊಸ ಜೀನೋಟೈಪ್.

ಎಸ್‌ಎನ್‌ಪಿ (ಒಂದೇ ಬೇಸಿನ ವ್ಯತ್ಯಾಸ) ದತ್ತಾಂಶ ಪಡೆಯುವವರು ಓದಿನ ಆಳದಲ್ಲಿ (ಒಂದೇ ಜಾಗವನ್ನು ಎಷ್ಟು ಸಲ ಓದಿದೆ ಎಂಬುದು) ಉಳಿತಾಯ ಮಾಡಬಾರದು. ದ್ವಿಗುಣಿತಕ್ಕೆ ಒಂದು ಜಾಗಕ್ಕೆ 10 ಓದು ಸಾಕೆನಿಸಬಹುದು, ಚತುರ್ಗುಣಿತದಲ್ಲಿ ಪ್ರತಿಗಳ ಲೆಕ್ಕ ಬೇಕಿದ್ದರೆ ಅದರ ಹಲವು ಪಟ್ಟು ಬೇಕು.

ದುಂಡಾಣು: ಒಂದು ಕಾಲೊನಿ, ಒಂದು ಹೆಸರು

ಶುಂಠಿಯ ಹಾಲಿನ ಎಳೆ ಸೇರಿದ ನೀರನ್ನು ಟಿಜೆಡ್‌ಸಿ ಮಾಧ್ಯಮದ ಮೇಲೆ ಗೆರೆ ಎಳೆಯಿರಿ. ಒಂದು ಲೀಟರಿಗೆ ಪೆಪ್ಟೋನ್ 10 ಗ್ರಾಂ, ಗ್ಲೂಕೋಸ್ 5 ಗ್ರಾಂ, ಕೇಸಿನ್ ಹೈಡ್ರೊಲೈಸೇಟ್ 1 ಗ್ರಾಂ, ಅಗಾರ್ 15 ಗ್ರಾಂ. ಆಟೊಕ್ಲೇವ್ ಆಗಿ ಸುಮಾರು 55 ಡಿಗ್ರಿಗೆ ಇಳಿದ ಮೇಲೆ ಟೆಟ್ರಜೋಲಿಯಂ ಕ್ಲೋರೈಡ್ 50 ಮಿಲಿಗ್ರಾಂ, ಸೋಸಿ ಶುದ್ಧ ಮಾಡಿದ್ದು. 28 ಡಿಗ್ರಿಯಲ್ಲಿ 48 ಗಂಟೆಯ ನಂತರ ಶುಂಠಿ ಸೊರಗು ರೋಗ ತರುವ ದುಂಡಾಣು ರಾಲ್ಸ್ಟೋನಿಯಾ ಅಂಚು ಸಮವಿಲ್ಲದ, ನೀರಾಗಿ ಹರಿಯುವ, ಬಿಳಿ ಬಣ್ಣದ, ನಡುವೆ ಗುಲಾಬಿಯ ಕಾಲೊನಿಯಾಗಿ ಕಾಣುತ್ತದೆ. ಗುಂಡಗೆ, ಒಣಗಿದಂತೆ, ಗಾಢ ಕೆಂಪಗಿದ್ದರೆ ಅದು ರೋಗಶಕ್ತಿ ಕಳೆದುಕೊಂಡ ರೂಪ. ಪ್ಲೇಟಿನಿಂದ ಪ್ಲೇಟಿಗೆ ಪದೇ ಪದೇ ದಾಟಿಸಿದರೆ ಒಳ್ಳೆಯ ಕಾಲೊನಿಯೂ ಹಾಗಾಗುತ್ತದೆ. ಆದ್ದರಿಂದ ಮೂರು ಸಲ ಒಂಟಿ ಕಾಲೊನಿ ಆರಿಸಿ ಶುದ್ಧವಾದ ಕೂಡಲೇ ಶೇ 25 ಗ್ಲಿಸರಾಲ್‌ನಲ್ಲಿ ಮೈನಸ್ 80ಕ್ಕೂ, ಶುದ್ಧೀಕರಿಸಿದ ಬಟ್ಟಿ ಇಳಿಸಿದ ನೀರಿನಲ್ಲಿ ಕೋಣೆಯ ಉಷ್ಣಾಂಶಕ್ಕೂ ಎರಡೆರಡು ಟ್ಯೂಬ್ ತೆಗೆದಿಡಿ. ಫ್ರಿಜ್‌ನ 4 ಡಿಗ್ರಿಯಲ್ಲಿ ಇಡಬೇಡಿ. ಆ ತಂಪಿನಲ್ಲಿ ಇದು ಬದುಕಿದ್ದೂ ಪ್ಲೇಟಿನಲ್ಲಿ ಬೆಳೆಯದ ಸ್ಥಿತಿಗೆ ಹೋಗುತ್ತದೆ.

ಜೀನೋಟೈಪ್‌ನ ಮೊದಲ ಜರಡಿ ಫೈಲೊಟೈಪ್ (ಈ ದುಂಡಾಣುವಿನ ದೊಡ್ಡ ವಂಶಗುಂಪು) ತಿಳಿಸುವ ಮಲ್ಟಿಪ್ಲೆಕ್ಸ್ ಪಿಸಿಆರ್. 59 ಡಿಗ್ರಿಯಲ್ಲಿ ಪ್ರೈಮರ್ ಕೂರಿಸಿ 30 ಸುತ್ತು. ಎಲ್ಲ ರಾಲ್ಸ್ಟೋನಿಯಾ ಸೊಲನೇಸಿಯೇರಂ ಸಮುದಾಯಕ್ಕೂ 280 ಬೇಸ್‌ಜೋಡಿಯ ಬ್ಯಾಂಡ್ ಬರಬೇಕು. ಅದರ ಜೊತೆ 144 ಬಂದರೆ ಫೈಲೊಟೈಪ್ ಒಂದು, 372 ಆದರೆ ಎರಡು, 91 ಆದರೆ ಮೂರು, 213 ಆದರೆ ನಾಲ್ಕು. ಒಂದನೆಯದು ಏಷ್ಯಾ ಮೂಲದ್ದು. 280 ಬಾರದೆ ಇನ್ನೊಂದು ಮಾತ್ರ ಬಂದರೆ ಫಲಿತಾಂಶ ಒಪ್ಪಬೇಡಿ. ಎರಡು ಫೈಲೊಟೈಪ್ ಬ್ಯಾಂಡ್ ಒಟ್ಟಿಗೆ ಬಂದರೆ ಕಾಲೊನಿ ಶುದ್ಧವಿಲ್ಲ.

ನಂತರ ಎಗ್ಲ್ ಜೀನಿನ ಸುಮಾರು 750 ಬೇಸ್ ಓದಿಸಿ ಸೀಕ್ವೆವಾರ್ (ಫೈಲೊಟೈಪ್‌ನೊಳಗಿನ ಸಣ್ಣ ಗುಂಪು) ಕಂಡುಕೊಳ್ಳಿ. ಒಂದೇ ಸೀಕ್ವೆವಾರ್‌ನೊಳಗೆ ವ್ಯತ್ಯಾಸ ಶೇ 1ಕ್ಕಿಂತ ಕಡಿಮೆ. ಅಂದರೆ ಏಳೆಂಟು ಬೇಸ್‌ಗಳ ಮೇಲೆ ತೀರ್ಮಾನ ನಿಂತಿದೆ. ಎರಡೂ ದಿಕ್ಕಿನಿಂದ ಓದಿಸಿ, ತುದಿಯ ಮಸುಕು ಭಾಗ ಕತ್ತರಿಸಿ, ಓದಿನ ಗ್ರಾಫ್‌ನಲ್ಲಿ ಭಿನ್ನವಾದ ಪ್ರತಿ ಬೇಸಿನ ಶಿಖರವನ್ನು ಕಣ್ಣಾರೆ ನೋಡಿ. ಏಳು ಜೀನುಗಳ ಎಂಎಲ್‌ಎಸ್‌ಟಿ (ಹಲವು ಜೀನುಗಳ ಸೀಕ್ವೆನ್ಸ್ ನೋಡಿ ಟೈಪ್ ಗುರುತಿಸುವುದು) ಮಾಡುವಾಗಲೂ ಇದೇ ನಿಯಮ: ಅಲ್ಲಿ ಒಂದೇ ಒಂದು ಬೇಸ್ ಬದಲಾದರೆ ಹೊಸ ಅಲೀಲ್, ಹೊಸ ಟೈಪ್. ಓದಿನ ತಪ್ಪು ಹೊಸ ಟೈಪ್ ಆಗಿ ದಾಖಲಾಗುವುದು ಅಷ್ಟು ಸುಲಭ.

ಪ್ರಭೇದವೇ ಹೊಸದೆಂಬ ಅನುಮಾನ ಬಂದರೆ 16ಎಸ್ (ರೈಬೋಸೋಮ್ ಆರ್‌ಎನ್‌ಎಯ ಜೀನ್) ನಂಬಿ ನಿಲ್ಲಬೇಡಿ. ಅದರಲ್ಲಿ ಹೋಲಿಕೆ ಶೇ 98.7ಕ್ಕಿಂತ ಕೆಳಗಿದ್ದರೆ ಹೊಸ ಪ್ರಭೇದದ ಸೂಚನೆ, ಮೇಲಿದ್ದರೆ ಏನೂ ಹೇಳಲಾಗದು. ಇಡೀ ಜೀನೋಮ್ ಬೇಕು. ಸರಾಸರಿ ನ್ಯೂಕ್ಲಿಯೋಟೈಡ್ ಹೋಲಿಕೆ ಶೇ 95–96, ಡಿಜಿಟಲ್ ಡಿಎನ್‌ಎ ಹೈಬ್ರಿಡೈಸೇಶನ್ ಶೇ 70 ಗಡಿ. 2014ರಲ್ಲಿ ಈ ಸಮುದಾಯವನ್ನು ಮೂರು ಪ್ರಭೇದವಾಗಿ ಬಿಡಿಸಿದಾಗ ಫೈಲೊಟೈಪ್ ಒಂದು ಮತ್ತು ಮೂರು ರಾಲ್ಸ್ಟೋನಿಯಾ ಸುಡೊಸೊಲನೇಸಿಯೇರಂ ಆದವು. ಹಳೆಯ ಹೆಸರಿನ ದಾಖಲೆಗಳ ಜೊತೆ ಹೋಲಿಸುವಾಗ ಇದು ನೆನಪಿರಲಿ, ಇಲ್ಲದಿದ್ದರೆ ಹೆಸರು ಮಾತ್ರ ಬದಲಾದದ್ದನ್ನು ಹೊಸದೆಂದು ಭ್ರಮಿಸುತ್ತೀರಿ. ಜೋಡಿಸಿದ ಜೀನೋಮ್ ಸುಮಾರು 5.8 ಮಿಲಿಯನ್ ಬೇಸ್ ಇರಬೇಕು. 9 ಮಿಲಿಯನ್ ಬಂದರೆ ಅದರಲ್ಲಿ ಇನ್ನೊಂದು ದುಂಡಾಣು ಕೂತಿದೆ.

ವೈರಸ್: ಪ್ರತಿ ಕುಲಕ್ಕೂ ಬೇರೆ ಗಡಿ

ಇಲ್ಲಿ ಎಲ್ಲಕ್ಕೂ ಒಂದೇ ಶೇಕಡಾವಾರು ಇಲ್ಲ. ಟೊಮ್ಯಾಟೊ, ಮೆಣಸಿನಕಾಯಿಯ ಎಲೆ ಮುದುಡು ತರುವ ಬೆಗೊಮೊವೈರಸ್‌ಗಳಲ್ಲಿ ಇಡೀ ಡಿಎನ್‌ಎ-ಎ (ವೈರಸ್ಸಿನ ಮುಖ್ಯ ಡಿಎನ್‌ಎ ತುಂಡು) ಹೋಲಿಕೆ ಶೇ 91ಕ್ಕಿಂತ ಕಡಿಮೆ ಇದ್ದರೆ ಹೊಸ ಪ್ರಭೇದ, 91 ಮತ್ತು 94ರ ನಡುವೆ ಇದ್ದರೆ ಹೊಸ ಸ್ಟ್ರೇನ್. ಏಲಕ್ಕಿಯ ಕಟ್ಟೆ ರೋಗದ ವೈರಸ್ ಸೇರಿರುವ ಪಾಟಿವಿರಿಡೆ ಕುಟುಂಬದಲ್ಲಿ ಇಡೀ ಪಾಲಿಪ್ರೋಟೀನ್ ಭಾಗದ ನ್ಯೂಕ್ಲಿಯೋಟೈಡ್ ಹೋಲಿಕೆ ಶೇ 76, ಅಮೈನೊ ಆಮ್ಲ ಶೇ 82 ಪ್ರಭೇದದ ಗಡಿ. ಮೆಣಸಿನ ಹಳದಿ ಮಚ್ಚೆ ತರುವ ಬ್ಯಾಡ್ನಾವೈರಸ್‌ಗಳಲ್ಲಿ ಆರ್‌ಟಿ–ಆರ್‌ಎನ್‌ಏಸ್ ಎಚ್ ಭಾಗದಲ್ಲಿ ಶೇ 20ಕ್ಕಿಂತ ಹೆಚ್ಚು ವ್ಯತ್ಯಾಸ ಬೇಕು. ಕುಲ ಯಾವುದೆಂದು ಖಚಿತವಾಗದೆ ಶೇಕಡಾವಾರು ಹೇಳುವುದು ವ್ಯರ್ಥ.

ಕಾಳುಮೆಣಸಿನಲ್ಲಿ ಎರಡು ವೈರಸ್ ಒಟ್ಟಿಗೆ ಇರುವುದು ಸಾಮಾನ್ಯ. ಒಂದು ಕುಕುಂಬರ್ ಮೊಸಾಯಿಕ್ ವೈರಸ್, ಮೂರು ಆರ್‌ಎನ್‌ಎ ತುಂಡುಗಳದ್ದು, ಗಿಡಹೇನಿನಿಂದ ಹರಡುವಂಥದ್ದು. ಇನ್ನೊಂದು ಪೈಪರ್ ಯೆಲ್ಲೊ ಮಾಟಲ್ ವೈರಸ್, ಸುಮಾರು 7.5 ಸಾವಿರ ಬೇಸ್‌ಜೋಡಿಯ ಉಂಗುರದ ಡಿಎನ್‌ಎ, ಹಿಟ್ಟು ತಿಗಣೆಯಿಂದ ಹರಡುತ್ತದೆ. ಒಂದನ್ನಷ್ಟೇ ಪರೀಕ್ಷಿಸಿ ಸಿಕ್ಕಿತು ಎಂದು ನಿಲ್ಲಿಸಿದರೆ ಲಕ್ಷಣವನ್ನು ತಪ್ಪು ವೈರಸ್ಸಿಗೆ ಅಂಟಿಸಿದಂತೆ. ಕುಕುಂಬರ್ ಮೊಸಾಯಿಕ್‌ನ 657 ಬೇಸ್‌ನ ಕೋಟ್ ಪ್ರೋಟೀನ್ (ಹೊರಕವಚ) ಜೀನ್ ಓದಿದರೆ ಉಪಗುಂಪು ತಿಳಿಯುತ್ತದೆ. ಆದರೆ ತುಂಡುಗಳು ಅದಲುಬದಲಾಗಿ ಬೆರೆಯುತ್ತವೆ. ಆದ್ದರಿಂದ ಹೊಸ ಜೀನೋಟೈಪ್ ಎನ್ನಲು ಮೂರೂ ತುಂಡು ಓದಬೇಕು. ಬ್ಯಾಡ್ನಾವೈರಸ್ಸಿನಲ್ಲಿ ಇನ್ನೊಂದು ಸಿಕ್ಕು: ಬಾಳೆಯಂಥ ಬೆಳೆಗಳಲ್ಲಿ ಈ ವೈರಸ್ ತುಣುಕುಗಳು ಗಿಡದ ಜೀನೋಮಿನೊಳಗೇ ಸೇರಿಕೊಂಡಿವೆ. ಅಂಥಲ್ಲಿ ಸಾದಾ ಪಿಸಿಆರ್ ಆರೋಗ್ಯವಂತ ಗಿಡದಲ್ಲೂ ಬ್ಯಾಂಡ್ ಕೊಡುತ್ತದೆ. ಫೈ29 ಎಂಜೈಮಿನಿಂದ 30 ಡಿಗ್ರಿಯಲ್ಲಿ 18 ಗಂಟೆ ಉಂಗುರ ಡಿಎನ್‌ಎ ಹಿಗ್ಗಿಸಿ, ಒಂದೇ ಕಡೆ ಕತ್ತರಿಸುವ ಎಂಜೈಮ್ ಹಾಕಿ ಪೂರ್ಣ ಉದ್ದದ ಬ್ಯಾಂಡ್ ಬಂದರೆ ವೈರಸ್ ಕಣವಾಗಿಯೇ ಇದೆ ಎಂದು ಧೈರ್ಯದಿಂದ ಹೇಳಬಹುದು.

ಏಲಕ್ಕಿಯಲ್ಲಿ ಕಟ್ಟೆಯನ್ನೂ ಕೊಕ್ಕೆ ಕಂದನ್ನೂ ಬೆರೆಸಬೇಡಿ. ಎಲೆಯ ನರದುದ್ದಕ್ಕೂ ಹಳದಿ ಪಟ್ಟೆಯಾದರೆ ಕಟ್ಟೆ. ನರ ತಿಳಿಯಾಗಿ, ಹೊಸ ಎಲೆ ಹಳೆಯದರ ಸುರುಳಿಗೆ ಸಿಕ್ಕಿಕೊಂಡು ಕಂದು (ಮರಿ ಕಾಂಡ) ಕೊಕ್ಕೆಯಂತೆ ಬಾಗಿದರೆ ಕೊಕ್ಕೆ ಕಂದು. ವೈರಸ್ ಕುಲವೇ ಬೇರೆ, ಪ್ರೈಮರೂ ಬೇರೆ. ಕಟ್ಟೆ ವೈರಸ್ಸಿನ ಕೋಟ್ ಪ್ರೋಟೀನ್ ಜೀನಿನಲ್ಲಿ ಕರ್ನಾಟಕ, ಕೇರಳದ ಮಾದರಿಗಳ ನಡುವೆ ವೈವಿಧ್ಯ ಈಗಾಗಲೇ ದಾಖಲಾಗಿದೆ. ಹಾಗಾಗಿ ಒಂದು ಕೇರಳದ ಸೀಕ್ವೆನ್ಸ್ ಜೊತೆ ಮಾತ್ರ ಹೋಲಿಸಿ ಸಕಲೇಶಪುರದ್ದು ಹೊಸದೆಂದು ಬರೆಯಬಾರದು. ಇರುವ ಎಲ್ಲವನ್ನೂ ಇಳಿಸಿಕೊಳ್ಳಿ.

ಏನೆಂದೇ ಗೊತ್ತಿಲ್ಲದಾಗ ರೈಬೋಸೋಮ್ ಆರ್‌ಎನ್‌ಎ ತೆಗೆದ ಒಟ್ಟು ಆರ್‌ಎನ್‌ಎಯನ್ನು ಸೀಕ್ವೆನ್ಸ್ ಮಾಡಿಸಿ. ಜೋಡಿಸಿದ ಉದ್ದನೆಯ ತುಣುಕನ್ನು ಹಾಗೇ ನಂಬದೆ ಓದುಗಳನ್ನು ಅದರ ಮೇಲೆ ಮತ್ತೆ ಕೂರಿಸಿ. ಎಲ್ಲಾದರೂ ಆಳ ದಿಢೀರನೆ ಬಿದ್ದರೆ ಅಲ್ಲಿ ಎರಡು ವೈರಸ್‌ಗಳ ತುಂಡು ಹೊಲಿಗೆಯಾಗಿರಬಹುದು. ಆ ಜಾಗವನ್ನು ದಾಟುವ ಪ್ರೈಮರ್ ಮಾಡಿ ಸ್ಯಾಂಗರ್ ವಿಧಾನದಿಂದ ಓದಿಸಿ. ಒಂದೇ ಲೇನಿನಲ್ಲಿ ಓಡಿದ ಬೇರೆ ಸ್ಯಾಂಪಲ್‌ನಲ್ಲಿ ಲಕ್ಷಗಟ್ಟಲೆ ಓದು ಇರುವ ವೈರಸ್ ನಿಮ್ಮದರಲ್ಲಿ ಹತ್ತಿಪ್ಪತ್ತು ಓದು ತೋರಿಸಿದರೆ ಅದು ಸೋರಿಕೆ ಎಂದೇ ತಿಳಿದು, ಮೂಲ ಎಲೆಯಿಂದ ಮತ್ತೆ ಪಿಸಿಆರ್ ಮಾಡಿ.

ಹೋಲಿಕೆ, ವಂಶವೃಕ್ಷ

ವಂಶವೃಕ್ಷ ಬರೆಯುವ ಮೊದಲು ಮರುಸಂಯೋಜನೆ ಪರೀಕ್ಷಿಸಿ. ಎರಡು ಮೂಲಗಳಿಂದ ಕೂಡಿಕೊಂಡ ಜೀನೋಮ್ ವೃಕ್ಷದಲ್ಲಿ ಇಬ್ಬರ ನಡುವೆ ಒಂಟಿಯಾಗಿ ನಿಂತು ಹೊಸ ಕವಲಿನಂತೆ ಕಾಣುತ್ತದೆ. ಆರ್‌ಡಿಪಿ ತಂತ್ರಾಂಶದ ಏಳು ವಿಧಾನಗಳಲ್ಲಿ ಹಲವು ಒಪ್ಪಿದ ಜಾಗಗಳನ್ನಷ್ಟೇ ಪರಿಗಣಿಸಿ. ನಂತರ ವೃಕ್ಷ ಬರೆಯುವ ಐಕ್ಯೂ-ಟ್ರೀ ತಂತ್ರಾಂಶದಲ್ಲಿ ಮಾದರಿ ಆರಿಸಿ 1000 ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ (ಕವಲು ಎಷ್ಟು ಗಟ್ಟಿ ಎಂದು ಅಳೆಯುವ ಮರುಪರೀಕ್ಷೆ) ಓಡಿಸಿ. ಈ ವಿಧಾನದಲ್ಲಿ 95 ಮತ್ತು ಮೇಲಿನದು ಭರವಸೆ. ಹಳೆಯ ಬೂಟ್‌ಸ್ಟ್ರಾಪ್‌ನ 70ರ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಸೀಕ್ವೆನ್ಸ್ ಹುಡುಕುವ ಬ್ಲಾಸ್ಟ್ ತಂತ್ರಾಂಶ ತೋರಿಸುವ ಶೇಕಡಾವಾರು ಹೋಲಿಕೆಯಾದ ತುಣುಕಿನದ್ದು ಮಾತ್ರ. ಗಡಿ ಹೇಳುವಾಗ ಪೂರ್ಣ ಜೋಡಣೆ ಮಾಡಿ, ಜೋಡಿ ಜೋಡಿಯಾಗಿ ಲೆಕ್ಕ ಹಾಕಿದ ಅಂಕಿ ಬಳಸಿ.

ಗುಣ: ಜೀನೋಟೈಪಿಗೆ ಕೆಲಸ ಇದೆಯೇ

ಶುಂಠಿಯ ಐಸೊಲೇಟನ್ನು (ಬೇರ್ಪಡಿಸಿ ಶುದ್ಧ ಮಾಡಿದ ದುಂಡಾಣು) ಮಿಲಿಲೀಟರಿಗೆ 10 ಕೋಟಿ ಕೋಶದಂತೆ ಮಾಡಿ, ಬೇರಿಗೆ ಚಾಕುವಿನಿಂದ ಗಾಯ ಮಾಡಿ, ಕುಂಡಕ್ಕೆ 50 ಮಿಲಿಲೀಟರ್ ಸುರಿಯಿರಿ. ನೀರು ಮಾತ್ರ ಹಾಕಿದ ಗಿಡ, ಗೊತ್ತಿರುವ ಹಳೆಯ ಐಸೊಲೇಟ್ ಹಾಕಿದ ಗಿಡ ಪಕ್ಕದಲ್ಲಿರಲಿ. ಬಾಡಿದ ಗಿಡದಿಂದ ಮತ್ತೆ ಬೆಳೆಸಿ, ಅದರ ಎಗ್ಲ್ ಜೀನ್ ಮತ್ತೆ ಓದಿ. ಹಾಕಿದ್ದೇ ಹಿಂದೆ ಬಂದಿರಬೇಕು. ಕುಕುಂಬರ್ ಮೊಸಾಯಿಕ್ ವೈರಸ್ಸನ್ನು ಪಿಎಚ್ 7.2ರ 0.1 ಮೋಲಾರ್ ಫಾಸ್ಫೇಟ್ ಬಫರ್‌ನಲ್ಲಿ ಅರೆದು, ಕಾರ್ಬೊರಂಡಂ ಪುಡಿ ಉದುರಿಸಿದ ಚೀನೊಪೋಡಿಯಂ ಎಲೆಗೆ ಉಜ್ಜಿ. ಒಂದು ಚುಕ್ಕೆಯಿಂದ ಮತ್ತೊಂದು ಗಿಡಕ್ಕೆ, ಹೀಗೆ ಮೂರು ಸಲ ದಾಟಿಸಿದರೆ ಒಂದೇ ಐಸೊಲೇಟ್ ಕೈಗೆ ಸಿಗುತ್ತದೆ. ಬ್ಯಾಡ್ನಾವೈರಸ್ಸಿಗೆ ಈ ದಾರಿ ನಂಬಬೇಡಿ, ಕಸಿ ಅಥವಾ ಹಿಟ್ಟು ತಿಗಣೆಯೇ ಬೇಕು. ಇದೆಲ್ಲ ಕೀಟ ನುಗ್ಗದ ಬಲೆಮನೆಯೊಳಗೇ ನಡೆಯಬೇಕು, ಮುಗಿದ ಮೇಲೆ ಮಣ್ಣು ಗಿಡ ಎಲ್ಲವನ್ನೂ 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಬೇಕು.

ಮೆಣಸಿನ ಬಳ್ಳಿಗೆ ತಾಳ್ಮೆ ಬೇಕು. ಉದ್ದ ತೆನೆ ನೆರಳು, ಗೊಬ್ಬರ, ಹೂಮಳೆ ಬಿದ್ದ ಹೊತ್ತು ಎಲ್ಲದರ ಫಲ. ಅದೇ ಬುಡದ ಕಡ್ಡಿ ಮತ್ತು ಹೋಲಿಕೆ ತಳಿಗಳ ಕಡ್ಡಿಯನ್ನು ಒಂದೇ ಬ್ಲಾಕಿನಲ್ಲಿ, ಒಂದೇ ಜಾತಿಯ ಆಸರೆ ಮರಕ್ಕೆ, ಬೆರೆಸಿ ನೆಡಿ. ಮರಕ್ಕೆ ಒಂದೇ ಕಡ್ಡಿ. ಕಾಯಿ ಬಂದ ಮೇಲೆ ತೆನೆ ಉದ್ದ, ತೆನೆಗೆ ಕಾಳು, ದ್ವಿಲಿಂಗಿ ಹೂವಿನ ಶೇಕಡಾ, 100 ಕಾಳಿನ ತೂಕ, ಹಸಿಯಿಂದ ಒಣ ಮೆಣಸಿನ ಇಳುವರಿ ಅಳೆಯಿರಿ. ಎರಡು ಫಸಲಾದರೂ ನೋಡದೆ ತೆನೆ ಉದ್ದ ಎಂಬುದನ್ನು ತಳಿಯ ಗುಣವೆಂದು ಬರೆಯಬಾರದು.

ಠೇವಣಿ ಮತ್ತು ದಾಖಲೆ

ಬದುಕಿರುವ ಮಾದರಿ ಸಾರ್ವಜನಿಕ ಸಂಗ್ರಹದಲ್ಲಿ ಇಲ್ಲದಿದ್ದರೆ ಮುಂದಿನವರು ಹೋಲಿಸುವುದು ಯಾವುದರ ಜೊತೆ? ದುಂಡಾಣುವನ್ನು ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹಕ್ಕೋ ಉತ್ತರ ಪ್ರದೇಶದ ಮವೂ ಊರಿನ ರಾಷ್ಟ್ರೀಯ ಕೃಷಿ ಸೂಕ್ಷ್ಮಜೀವಿ ಸಂಗ್ರಹಕ್ಕೋ ಕೊಡಿ. ಗಿಡದ ಹರ್ಬೇರಿಯಂ ಹಾಳೆ ಒತ್ತಿ, ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೊದಿಂದ (ಎನ್‌ಬಿಪಿಜಿಆರ್) ಐಸಿ (ದೇಶೀಯ ಸಂಗ್ರಹ) ಸಂಖ್ಯೆ ಪಡೆಯಿರಿ. ಸೀಕ್ವೆನ್ಸನ್ನು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರಕ್ಕೆ, ಜೊತೆಗೆ 2022ರಲ್ಲಿ ಫರೀದಾಬಾದಿನಲ್ಲಿ ಶುರುವಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೂ ಸೇರಿಸಿ. ಸ್ಥಳ, ಆತಿಥೇಯ ಗಿಡ, ಸಂಗ್ರಹಿಸಿದ ದಿನಾಂಕದ ಕಾಲಂ ಖಾಲಿ ಬಿಡಬೇಡಿ. ಮಾದರಿ ಹೊರದೇಶಕ್ಕೆ ಹೋಗುವುದಿದ್ದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಮೊದಲೇ ಅನುಮತಿ ಬೇಕು.

ಬಳ್ಳಿ ರೈತರ ತೋಟದ್ದಾದರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತ ತಳಿಯಾಗಿ ನೋಂದಾಯಿಸುವ ಹಕ್ಕು ಅವರದ್ದು. ಅದಕ್ಕೆ ರೈತರಿಂದ ಶುಲ್ಕ ಪಡೆಯುವಂತಿಲ್ಲ. ಅರ್ಜಿಯಲ್ಲಿ ತಳಿಗೆ ಇಡುವ ಹೆಸರನ್ನು ತೋಟದವರೇ ಸೂಚಿಸಲಿ. ಕಡ್ಡಿ ತೆಗೆಯುವ ದಿನವೇ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಒಂದು ಪ್ರತಿ ಅವರ ಕೈಗೂ ಕೊಡಿ. ಅರ್ಜಿ ಸಲ್ಲಿಸಿ ಮುಗಿಯುವವರೆಗೆ ಆ ಬಳ್ಳಿಯ ಕಡ್ಡಿಯನ್ನು ನರ್ಸರಿಗಳಿಗೆ ಹಂಚಬೇಡಿ.